ಮಳೆಗಾಲದ ದಾರಿಗೆ ಒಂದು ಕಾಲಂ

ಚಿಕ್ಕಮಗಳೂರಿನಲ್ಲಿ ನಾನು ಕೆಲಸಕ್ಕೆ ಸೇರಿದ ಕಚೇರಿಗೆ ಬೋರ್ಡೇ ಇರಲಿಲ್ಲ. ಕೆಳಗೆ ಗೊಬ್ಬರದ ಅಂಗಡಿ, ಮೇಲೆ ನಾವು. ಹಳ್ಳಿಗಳ ನಕ್ಷೆಗಳನ್ನು ಕಂಪ್ಯೂಟರಿಗೆ ಏರಿಸುವ ಗುತ್ತಿಗೆ ಹಿಡಿದಿದ್ದ ಸಣ್ಣ ಖಾಸಗಿ ಕಚೇರಿ ಅದು. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಕಂಪ್ಯೂಟರ್ ಕೆಲಸ ಎಂದರೆ ನಮ್ಮ ಕಡೆಯವರೆಲ್ಲ ಹುಬ್ಬೇರಿಸುತ್ತಿದ್ದರು. ನಾನು ಮಾಡುತ್ತಿದ್ದದ್ದು ಗೆರೆ ಎಳೆಯುವ ಕೆಲಸ. ದೊಡ್ಡ ಮೇಜಿನ ಮೇಲೆ ನಕ್ಷೆಯ ಹಾಳೆ ಅಂಟಿಸಿ, ಅದರ ಪ್ರತಿ ಗೆರೆಯ ಮೇಲೂ ಮೌಸಿನಂಥ ಒಂದು ಸಾಧನವನ್ನು ಆಡಿಸುತ್ತ ಹೋದರೆ ಆ ಗೆರೆ ಪರದೆಯ ಮೇಲೆ ಮೂಡುತ್ತಿತ್ತು. ಆಮೇಲೆ ಅದು ಏನು ಎಂದು ಕಂಪ್ಯೂಟರಿಗೆ ಹೇಳಬೇಕು. ರಸ್ತೆಗೆ ಒಂದು ಸಂಖ್ಯೆ, ಕಾಲುದಾರಿಗೆ ಒಂದು, ಹಳ್ಳಕ್ಕೆ ಒಂದು. ಸಂಜೆಯ ಹೊತ್ತಿಗೆ ಕತ್ತು ಹಿಡಿದುಕೊಂಡಿರುತ್ತಿತ್ತು.

ಸಂಖ್ಯೆಗಳನ್ನು ನಮ್ಮ ಮನಸ್ಸಿಗೆ ಬಂದ ಹಾಗೆ ಕೊಡುವಂತಿರಲಿಲ್ಲ. ಇಡೀ ರಾಜ್ಯಕ್ಕೆ ಒಂದೇ ನಮೂನೆ ಎಂದು ಮೇಲಿನಿಂದ ಒಂದು ಪಟ್ಟಿ ಬಂದಿತ್ತು. ಕಚೇರಿಯಲ್ಲಿ ಅದನ್ನು ಎಲ್ಲರೂ ಸ್ಟ್ಯಾಂಡರ್ಡ್ ಎನ್ನುತ್ತಿದ್ದರು. ಬೀದರಿನವರಿಗೂ ಅದೇ, ಕಾರವಾರದವರಿಗೂ ಅದೇ. ಎಲ್ಲರ ನಕ್ಷೆಯೂ ಒಂದೇ ನಮೂನೆಯಲ್ಲಿದ್ದರೆ ಯಾವ ಊರಿಗೆ ಆಸ್ಪತ್ರೆ ದೂರ, ಯಾವ ಊರಿಗೆ ಬಸ್ಸಿಲ್ಲ ಎಂದು ಒಂದೇ ಪ್ರಶ್ನೆ ಕೇಳಿ ರಾಜ್ಯದ ಉದ್ದಗಲಕ್ಕೂ ಉತ್ತರ ಪಡೆಯಬಹುದು. ಈ ಯೋಚನೆ ನನಗೆ ಆಗಲೂ ಇಷ್ಟವಿತ್ತು, ಈಗಲೂ ಇದೆ. ಯಾವ ರಾಜಕಾರಣಿಯ ಪರಿಚಯವೂ ಇಲ್ಲದ ಊರಿನ ಪರವಾಗಿ ನಕ್ಷೆಯಾದರೂ ಮಾತಾಡುತ್ತದಲ್ಲ ಎಂದುಕೊಂಡಿದ್ದೆ. ಎಂಥ ನಂಬಿಕೆ ನನ್ನದು!

ಕಚೇರಿಯ ಮುಖ್ಯಸ್ಥರು ಹಾಸನದ ಕಡೆಯವರು. ಸದಾ ಬಾಯಲ್ಲಿ ಒಂದು ಲವಂಗ. ಒಳ್ಳೆಯ ಮನುಷ್ಯ, ಆದರೆ ಪಟ್ಟಿಯಲ್ಲಿ ಇಲ್ಲದ್ದು ಜಗತ್ತಿನಲ್ಲೇ ಇಲ್ಲ ಎನ್ನುವ ಜಾತಿ. ನನ್ನ ಸಿಟ್ಟೋ ಮೂಗಿನ ತುದಿಯಲ್ಲೇ ಇರುವಂಥದ್ದು. ದಿನಕ್ಕೊಂದು ಸಲವಾದರೂ ನಮ್ಮಿಬ್ಬರಿಗೆ ಹತ್ತಿಕೊಳ್ಳುತ್ತಿತ್ತು. ಆಮೇಲೆ ಅವರೇ ಕೆಳಗಿನಿಂದ ಕಾಫಿ ತರಿಸುತ್ತಿದ್ದರು.

ಒಂದು ಬೇಸಿಗೆಯಲ್ಲಿ ಸಂಸೆಯ ಆಚೆಗಿನ ಹಾಳೆ ನನ್ನ ಮೇಜಿಗೆ ಬಂತು. ನನ್ನ ಅಕ್ಕನನ್ನು ಕೊಟ್ಟಿದ್ದು ಅಲ್ಲಿಗೆ. ನಾಲ್ಕೈದು ಮನೆಗಳ ಊರು. ಇಳಿಜಾರಿನಲ್ಲಿ ಎಲ್ಲರಿಗೂ ಒಂದಿಷ್ಟು ಕಾಫಿ, ಕೆಳಗೆ ಒಂದಿಷ್ಟು ಗದ್ದೆ. ಊರಿಗೂ ಸಂಸೆಯ ರಸ್ತೆಗೂ ನಡುವೆ ಒಂದು ಹೊಳೆ. ಊರಿನ ಬದಿಯಲ್ಲೇ ಒಂದು ಕೋಣೆಯ ಶಾಲೆ. ಸುತ್ತಲಿನ ಒಂಟಿಮನೆಗಳ ಮಕ್ಕಳೂ ಸೇರಿ ಹತ್ತು ಹದಿನೈದು ಮಕ್ಕಳು ಕೂರುತ್ತಿದ್ದರು. ಅಕ್ಕನಿಗೆ ಒಬ್ಬಳೇ ಮಗಳು. ಮುಂದಿನ ವರ್ಷ ಅವಳೂ ಅದೇ ಶಾಲೆಗೆ ಸೇರುವವಳಿದ್ದಳು.

ಪರದೆಯ ಮೇಲೆ ಅಕ್ಕನ ಊರಿನ ಕಾಲುದಾರಿ ಹೊರಟು, ಹೊಳೆಯನ್ನು ನೇರವಾಗಿ ದಾಟಿ, ರಸ್ತೆ ಸೇರಿತ್ತು. ಹೊಳೆ ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ ದಾಟಿತ್ತು. ಸುಳ್ಳೇನೂ ಅಲ್ಲ. ಸರ್ವೆಯವರು ಬರುವುದು ಬೇಸಿಗೆಯಲ್ಲಿ. ಉಪಗ್ರಹದ ಚಿತ್ರ ತೆಗೆಯುವುದೂ ಮೋಡ ಇಲ್ಲದ ಬೇಸಿಗೆಯಲ್ಲಿ. ಆಗ ಆ ಹೊಳೆಯಲ್ಲಿ ಪಾದ ಮುಳುಗುವಷ್ಟು ನೀರು. ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದರಾಯಿತು. ಜೂನ್ ಬಂತೆಂದರೆ ಅದೇ ಹೊಳೆ ಆನೆಯನ್ನೂ ಎಳೆದುಕೊಂಡು ಹೋಗುತ್ತದೆ. ನಮ್ಮ ಸೀಮೆಯ ನಕ್ಷೆಗಳಲ್ಲಿ ಮಳೆಗಾಲ ಬರುವುದೇ ಇಲ್ಲ ಎಂಬುದು ನನಗೆ ಹೊಳೆದದ್ದು ಆವತ್ತು. ವರ್ಷದಲ್ಲಿ ಅರ್ಧ ಭಾಗ ನಾವು ಬದುಕುವ ನೆಲವನ್ನು ಯಾರೂ ಅಳೆದೇ ಇರಲಿಲ್ಲ.

ಮಳೆಗಾಲದಲ್ಲಿ ಅಲ್ಲಿ ಸಂಕ ಹಾಕುತ್ತಾರೆ. ಬಗನಿ ಮರದ ಉದ್ದುದ್ದ ಸೀಳುಗಳನ್ನು ಎರಡು ದಡಕ್ಕೂ ಚಾಚಿ, ಬೆತ್ತದಿಂದ ಬಿಗಿದು, ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರಿನ ಗಳ ಕಟ್ಟುತ್ತಾರೆ. ಮುಂಗಾರು ಶುರುವಾಗುವ ಮೊದಲು ಒಂದು ದಿನ ಎರಡು ದಡದ ಮನೆಗಳವರೂ ಸೇರಬೇಕು. ಮನೆಗೊಂದು ಮರ ತರಬೇಕು. ದೀಪಾವಳಿ ಕಳೆದು ನೀರು ಇಳಿದ ಮೇಲೆ ಸಂಕ ಬಿಚ್ಚಿ, ಮರ ಗೆದ್ದಲು ಹಿಡಿಯದ ಹಾಗೆ ಕೊಟ್ಟಿಗೆಯ ಮಾಡಿನಡಿಗೆ ಸೇರಿಸಿ ಇಡುತ್ತಾರೆ. ಮರ ತರದ ಮನೆಯವರ ಬಗ್ಗೆ ಒಂದು ವರ್ಷ ಪೂರ್ತಿ ಮಾತಾಡುತ್ತಾರೆ. ಗಂಡಸರು ಊರಲ್ಲಿಲ್ಲದ ಮನೆಯಾದರೆ ಹೆಂಗಸರೇ ಕೂಲಿಯವರನ್ನು ಹಿಡಿದು ಮರ ಹೊರಿಸಿಕೊಂಡು ಬರುತ್ತಾರೆ. ಮದುವೆ ಮಾತುಕತೆಯಲ್ಲಿ ತೋಟ ಎಷ್ಟು ಎಂದು ಕೇಳುವ ಮೊದಲು "ಅವರ ಕಡೆ ಸಂಕ ನೆಟ್ಟಗೆ ಹಾಕ್ತಾರಾ" ಎಂದು ಕೇಳಿದವರನ್ನು ನಾನು ಕಂಡಿದ್ದೇನೆ.

ಇದನ್ನು ನಕ್ಷೆಯಲ್ಲಿ ಎಲ್ಲಿ ಹಾಕುವುದು ಎಂದು ಮುಖ್ಯಸ್ಥರನ್ನು ಕೇಳಿದೆ. ಪಟ್ಟಿಯಲ್ಲಿ ಸೇತುವೆಗೆ ಸಂಖ್ಯೆ ಇತ್ತು. ಆದರೆ ಅದು ಶಾಶ್ವತವಾಗಿ ಕಟ್ಟಿದ್ದಕ್ಕೆ ಮಾತ್ರ.

"ನೋಡಿ ಮೇಡಂ, ನಿಮ್ಮ ಸಂಕ ಜನವರಿ ತಿಂಗಳಲ್ಲಿ ಎಲ್ಲಿರುತ್ತೆ?" ಎಂದರು.

"ಕೊಟ್ಟಿಗೇಲಿ."

"ಕೊಟ್ಟಿಗೇಲಿರೋ ಸೇತುವೇನ ನಾನು ಹೊಳೆ ಮೇಲೆ ಹೇಗೆ ತೋರಿಸ್ಲಿ, ಹೇಳಿ."

ನಗು ಬಂತು. ಸಿಟ್ಟೂ ಬಂತು.

ಹಾಳೆ ಹಾಗೆಯೇ ಮೇಲೆ ಹೋಯಿತು. ಒಂದು ತಿಂಗಳ ಮೇಲೆ ಅಕ್ಕ ಸಂಸೆಯ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಳು. ಅಕ್ಕ ಮೆತ್ತಗೆ ಮಾತಾಡುವವಳು. ಆವತ್ತು ಅವಳ ದನಿಯೇ ಬೇರೆಯಾಗಿತ್ತು.

"ನಮ್ಮ ಶಾಲೆ ಮುಚ್ತಾರಂತೆ ಕಣೇ. ಮೇಷ್ಟ್ರು ಹೇಳಿದ್ರು. ಮಕ್ಕಳು ಕಮ್ಮಿ ಇರೋ ಶಾಲೆ ಎಲ್ಲ ನೋಡ್ತಿದಾರಂತೆ. ಹೊಳೆ ಆಚೆ ದೊಡ್ಡ ಶಾಲೆ ಹತ್ರಾನೇ ಉಂಟಲ್ಲ, ಅಲ್ಲಿಗೆ ಹೋಗ್ಲಿ ಅಂತಾರಂತೆ."

"ಯಾರು ಹೇಳಿದ್ದು ಹತ್ರ ಅಂತ?"

"ಕಂಪ್ಯೂಟರ್ ಹೇಳ್ತದಂತೆ."

ಅಕ್ಕನೇ ಮುಂದುವರಿಸಿದಳು. "ಮುಚ್ಚಿದ್ರೆ ಇವಳನ್ನ ಎಲ್ಲಾದ್ರೂ ನೆಂಟರ ಮನೇಲಿ ಬಿಡ್ಬೇಕು. ಮಳೇಲಿ ಅಷ್ಟು ಸಣ್ಣ ಮಗೂನ ಸಂಕ ದಾಟ್ಸಕ್ಕೆ ಆಗ್ತದನೇ? ನಾನು ಬಿಡಲ್ಲ. ಮಗು ನನ್ನ ಹತ್ರ ಇರ್ಬೇಕು, ಅಷ್ಟೇ. ನೀನು ಅದೇ ಕೆಲಸದಲ್ಲಿ ಇದೀಯಲ್ಲ, ಎಂತಾದ್ರೂ ಮಾಡು."

ನಾನು ಹುಟ್ಟಿದಂದಿನಿಂದ ಅಕ್ಕ ನನ್ನನ್ನು ಏನೂ ಕೇಳಿದವಳಲ್ಲ. ಕೇಳಿದ್ದು ಇದೊಂದೇ.

ಶಾಲೆಗಳ ಲೆಕ್ಕ ನೋಡುವವರು ನಮ್ಮಂಥ ಕಚೇರಿಗಳಿಂದ ಹೋದ ನಕ್ಷೆಯ ಮೇಲೆ ದಾರಿಯ ಉದ್ದ ಅಳೆಯುತ್ತಿದ್ದರು. ಕಾಲುದಾರಿಯ ಗೆರೆ ಹೊಳೆ ದಾಟಿದೆ, ಆಚೆ ದಡದಲ್ಲಿ ಶಾಲೆ ಇದೆ, ನಡೆದು ಹೋಗುವ ದೂರ. ಮುಗಿಯಿತು. ಕಂಪ್ಯೂಟರಿಗೆ ಜುಲೈ ತಿಂಗಳು ಗೊತ್ತಿಲ್ಲ.

ಸ್ಟ್ಯಾಂಡರ್ಡಿನ ಕೊನೆಯ ಪುಟದಲ್ಲಿ ಒಂದು ಸಣ್ಣ ಸಂದಿ ಇತ್ತು. ಪ್ರತಿ ಗೆರೆಯ ಬಗ್ಗೆ ತುಂಬಬೇಕಾದ, ಎಲ್ಲರಿಗೂ ಸಮಾನವಾದ ಕಾಲಂಗಳು ಮುಗಿದ ಮೇಲೆ ಜಿಲ್ಲೆಯವರು ಬೇಕಿದ್ದರೆ ತಮ್ಮದೇ ಕಾಲಂ ಸೇರಿಸಿಕೊಳ್ಳಬಹುದು ಎಂದು ಅಲ್ಲಿ ಬರೆದಿತ್ತು. ಅದನ್ನು ತೋರಿಸಿದಾಗ ಮುಖ್ಯಸ್ಥರು ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿ, ಸರಿ, ಸೇರಿಸಿ ಎಂದರು. ನಾನು ಕೈಗೆ ಸಿಕ್ಕಿದ್ದನ್ನೆಲ್ಲ ಸೇರಿಸಿದೆ. ಬಾಳೂರಿನ ಹತ್ತಿರದ ಒಂದು ಏರಿಗೆ ಮಳೆಯಲ್ಲಿ ಜೀಪಿನ ಗಾಲಿಗೆ ಚೈನು ಬೇಕು ಎಂದು ಬರೆದೆ. ಮಲ್ಲಂದೂರಿನ ಕಡೆಯ ಒಂದು ಎಸ್ಟೇಟ್ ರಸ್ತೆಗೆ ಸಂಜೆ ಗೇಟು ಬೀಳುತ್ತದೆ ಎಂದು ಬರೆದೆ. ಅಕ್ಕನ ಊರಿನ ದಾರಿಗೆ ಸಂಕ, ಮಳೆಗಾಲದಲ್ಲಿ ಮಾತ್ರ, ಮಕ್ಕಳಿಗೆ ಅಪಾಯ ಎಂದು ಬರೆದೆ. ಕಾಫಿ ಕುಡಿಯುವ ಹೊತ್ತಿನಲ್ಲಿ ಕಚೇರಿಯ ಉಳಿದವರೂ ಬಂದು ತಮ್ಮ ತಮ್ಮ ಊರಿನದು ಹೇಳಿ ಬರೆಸಿದರು. ಆ ದಿನಗಳಲ್ಲಿ ನಾನು ಖುಷಿಯಾಗಿದ್ದೆ. ಮಲೆನಾಡಿನ ನಕ್ಷೆಗೆ ಜೀವ ಬಂದ ಹಾಗೆ ಅನಿಸಿತ್ತು.

ಫೈಲು ಮತ್ತೆ ಮೇಲೆ ಹೋಯಿತು, ಪರಿಶೀಲನೆಯಾಗಿ ವಾಪಸು ಬಂತು. ತೆರೆದು ನೋಡಿದರೆ ನಾವು ಸೇರಿಸಿದ ಕಾಲಂಗಳು ಒಂದೂ ಇಲ್ಲ. ಎಲ್ಲ ಜಿಲ್ಲೆಯ ಫೈಲುಗಳನ್ನು ಒಟ್ಟು ಮಾಡುವಾಗ ಪಟ್ಟಿಯಲ್ಲಿ ನೋಂದಣಿಯಾಗದ ಕಾಲಂಗಳು ತಾವೇ ಉದುರಿ ಹೋಗುತ್ತವೆ ಎಂದು ಫೋನಿನಲ್ಲಿ ಹೇಳಿದರು. ಅಂದರೆ ನಮ್ಮದು ನಮ್ಮಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ತೀರ್ಮಾನ ಮಾಡುವವರ ಕಣ್ಣಿಗೆ ಮಾತ್ರ ಬೀಳುವುದಿಲ್ಲ. ನಾನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ ರಭಸಕ್ಕೆ ಕೆಳಗಿನ ಗೊಬ್ಬರದ ಅಂಗಡಿಯವರು ಏನು ಬಿತ್ತು ಎಂದು ಮೇಲೆ ಬಂದು ನೋಡಿದರು.

ಮುಖ್ಯಸ್ಥರ ಒಂದು ಗುಣ ಹೇಳಬೇಕು. ನಿಯಮ ಇದ್ದರೆ ಅದನ್ನು ಕೊನೆಯವರೆಗೂ ಹಿಡಿದು ಹೋಗುತ್ತಿದ್ದರು. "ನೋಂದಣಿ ಮಾಡಿಸೋದು ಹೇಗೆ ಅಂತಲೂ ನಿಯಮ ಇರಬೇಕಲ್ಲ" ಎಂದು ಹುಡುಕಿ, ಬರೆದು ಕಳಿಸಿ, ನನ್ನನ್ನೂ ಕರೆದುಕೊಂಡು ಬೆಂಗಳೂರಿನ ಸಭೆಗೆ ಹೋದರು. ದೊಡ್ಡ ಮೇಜು, ಸುತ್ತ ಬೇರೆ ಬೇರೆ ಜಿಲ್ಲೆಗಳವರು. ನಾನು ಎದ್ದು ನಿಂತು ಸಂಕ ಎಂದರೇನು ಎಂದು ಹೇಳಿದೆ. ಬಯಲುಸೀಮೆಯ ಒಬ್ಬರು, "ನಮ್ಮಲ್ಲಿ ಹಳ್ಳದಾಗ ನೀರು ಬಂದ್ರ ಬಾಗಿನ ಬಿಡತೀವ್ರಿ, ನೀವು ನೋಡಿದ್ರ ಅಡ್ಡಿ ಅಂತೀರಿ" ಎಂದು ನಗಿಸಿದರು. ಉಡುಪಿ ಕಡೆಯಿಂದ ಬಂದಿದ್ದ ಹೆಂಗಸೊಬ್ಬರು ನಗಲಿಲ್ಲ. "ನಮ್ಮಲ್ಲೂ ಉಂಟು, ನಮಗೂ ಬೇಕು" ಎಂದರು. ಆ ಒಂದು ಮಾತು ನನ್ನ ಹತ್ತು ಮಾತಿಗಿಂತ ಹೆಚ್ಚು ಕೆಲಸ ಮಾಡಿತು. ಒಂದು ಜಿಲ್ಲೆಯ ಹಟ ಎರಡು ಜಿಲ್ಲೆಯ ಬೇಡಿಕೆಯಾಯಿತು.

ಕಾಲಂ ಮಂಜೂರಾಯಿತು. ದಾರಿ ಬಳಕೆಯ ಕಾಲ ಎಂದು ಹೆಸರಿಟ್ಟರು. ನಾನು ಮೂರು ಉತ್ತರ ಕೇಳಿದ್ದೆ: ವರ್ಷವಿಡೀ, ಬೇಸಿಗೆ ಮಾತ್ರ, ಮತ್ತು ಮಳೆಯಲ್ಲಿ ದೊಡ್ಡವರಿಗೆ ಮಾತ್ರ. ಮೂರನೆಯದು ಯಾರ ತಲೆಗೂ ಹತ್ತಲಿಲ್ಲ. ದಾರಿ ಎಂದಮೇಲೆ ದಾರಿ, ಅದರಲ್ಲಿ ದೊಡ್ಡವರು ಚಿಕ್ಕವರು ಏನು ಎಂದರು. ಲೆಕ್ಕ ಮಾಡುವ ಪ್ರೋಗ್ರಾಮಿಗೆ ಹೌದು ಅಥವಾ ಅಲ್ಲ ಎಂಬ ಉತ್ತರ ಸಾಕು ಎಂದರು. ನಾನು ಇನ್ನೂ ಜಗಳಕ್ಕೆ ನಿಂತಿದ್ದೆ. ಮುಖ್ಯಸ್ಥರು ಮೇಜಿನ ಕೆಳಗೆ ನನ್ನ ಫೈಲನ್ನು ಮೆಲ್ಲಗೆ ಎಳೆದು ಮುಚ್ಚಿದರು. ಸಿಕ್ಕಿದ್ದನ್ನು ಕಳೆದುಕೊಳ್ಳಬೇಡಿ ಎಂದು ಆಮೇಲೆ ಬಸ್ಸಿನಲ್ಲಿ ಹೇಳಿದರು. ಅದೂ ಸರಿಯೇ ಅನಿಸಿತು. ಬೇಸಿಗೆ ಮಾತ್ರ ಎಂಬ ಒಂದು ಗುರುತು ಬಿದ್ದರೆ ಅಕ್ಕನ ಊರಿನ ಶಾಲೆ ಉಳಿಯುತ್ತದೆ, ಇನ್ನೇನು ಬೇಕು? ಚಿಕ್ಕಮಗಳೂರಿಗೆ ಬಂದವಳೇ ಸಂಸೆಯ ಅಂಗಡಿಯೊಂದಕ್ಕೆ ಫೋನ್ ಮಾಡಿ, ಆಯಿತು ಎಂದು ಅಕ್ಕನಿಗೆ ಹೇಳಿಕಳಿಸಿದೆ.

ಆ ಮಳೆಗಾಲ ಕಳೆದ ಮೇಲೆ, ಹೊಸ ಕಾಲಂ ತುಂಬಲು ನಮ್ಮ ಕಚೇರಿಯಿಂದ ಸರ್ವೆಯವರು ಮತ್ತೆ ಊರೂರು ತಿರುಗಿದರು. ಸಂಸೆಯ ಕಡೆಗೆ ನಾನೇ ಹೋಗುತ್ತೇನೆ ಎಂದೆ. ನೆಂಟರಿರುವ ಊರಿಗೆ ಹೋಗುವಂತಿಲ್ಲ ಎಂದು ಮುಖ್ಯಸ್ಥರು ಅದಕ್ಕೂ ಒಂದು ನಿಯಮ ತೋರಿಸಿದರು. ಉತ್ತರ ನನಗೆ ಗೊತ್ತೇ ಇತ್ತಲ್ಲ, ಯಾರು ಬರೆದುಕೊಂಡು ಬಂದರೇನು ಎಂದುಕೊಂಡೆ.

ಅವರು ತಂದ ಹಾಳೆಗಳನ್ನು ಕಂಪ್ಯೂಟರಿಗೆ ಏರಿಸಿ ಕಳಿಸಿದ್ದು ಇನ್ನೊಂದು ಮೇಜಿನವರು. ಮೇಲಿನಿಂದ ಒಪ್ಪಿಗೆಯಾಗಿ ಬಂದ ಫೈಲು ತೆರೆದು ಅಕ್ಕನ ಊರಿನ ದಾರಿಯ ಮೇಲೆ ಒತ್ತಿದೆ. ಈ ಸಲ ಕಾಲಂ ಉದುರಿರಲಿಲ್ಲ. ಗಟ್ಟಿಯಾಗಿ ಕೂತಿತ್ತು. ಅದರಲ್ಲಿ ವರ್ಷವಿಡೀ ಎಂದಿತ್ತು.

ಸರ್ವೆಗೆ ಹೋದವರನ್ನು ಹಿಡಿದು ನಿಲ್ಲಿಸಿ ಕೇಳಿದೆ. ಅವರದ್ದೇನೂ ತಪ್ಪಿರಲಿಲ್ಲ. ಊರಿನ ಹಿರಿಯರೊಬ್ಬರು ಜಗಲಿಯಲ್ಲಿ ಕೂರಿಸಿ ಕಾಫಿ, ಬಾಳೆಹಣ್ಣು ಕೊಟ್ಟು, ದಾರಿ ತೋರಿಸಿ, ಹೇಳಿದ್ದಕ್ಕೆ ಸಹಿಯನ್ನೂ ಹಾಕಿದ್ದರಂತೆ. ಆ ಹಿರಿಯರು ಅಕ್ಕನ ಮಾವ.

ಮರುದಿನವೇ ಬಸ್ಸು ಹತ್ತಿದೆ. ಬಾಳೆಹೊನ್ನೂರು, ಕಳಸ, ಸಂಸೆ, ಅಲ್ಲಿಂದ ನಡಿಗೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತಲೇ ಹೋದೆ. ಮಾವಯ್ಯ ಅಂಗಳದಲ್ಲಿ ಕಾಫಿ ಹರವಿ ಕೂತಿದ್ದರು. ಊರಿಗೆಲ್ಲ ಬೇಕಾದ ಮನುಷ್ಯ. ಮೊಮ್ಮಗಳೆಂದರೆ ಪ್ರಾಣ. ಅವಳು ಆಗ ಅವರ ಹೆಗಲು ಹಿಡಿದು ಬೆನ್ನಿಗೆ ಜೋತಾಡುತ್ತಿದ್ದಳು.

"ಮಾವಯ್ಯ, ಮಳೆಗಾಲದಲ್ಲೂ ದಾರಿ ಉಂಟು ಅಂತ ಹೇಳಿದ್ರಂತೆ?"

"ಹೌದು. ಉಂಟಲ್ಲ."

"ಎಲ್ಲುಂಟು?"

ಅವರ ಮುಖ ಗಂಟಿಕ್ಕಿತು. "ಎಂತ ಹಿಂಗೆ ಕೇಳ್ತೀಯ ಮಾರಾಯ್ತಿ? ಸಂಕ ಹಾಕದಿಲ್ವಾ ನಾವು? ನನ್ನ ಅಪ್ಪನ ಕಾಲದಿಂದ ಒಂದು ವರ್ಷ ತಪ್ಪಿಲ್ಲ. ಯಾರೋ ಪ್ಯಾಂಟು ಹಾಕ್ಕೊಂಡು ಬಂದವ್ರು, ಮಳೆಗಾಲದಲ್ಲಿ ನಿಮಗೆ ದಾರಿ ಇಲ್ವಾ ಅಂತ ಕೇಳಿದ್ರೆ, ಇಲ್ಲ ಸ್ವಾಮಿ ಅಂತ ಹೇಳದಾ? ಈ ಊರಲ್ಲಿ ಗಂಡಸ್ರು ಇಲ್ಲ ಅಂದ್ಕೊಳ್ಳಲ್ವಾ ಅವ್ರು?"

"ಆ ಸಂಕದ ಮೇಲೆ ಇವಳು ಶಾಲೆಗೆ ಹೋಗ್ತಾಳಾ?"

"ಸಣ್ಣ ಮಕ್ಕಳನ್ನ ಯಾರಾದ್ರೂ ಮಳೇಲಿ ಸಂಕದ ಮೇಲೆ ಬಿಡ್ತಾರನೇ? ಎಲ್ಲರಿಗೂ ಗೊತ್ತಿರದೇ ಅಲ್ವಾ ಅದು."

ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಬರೆಯುವುದಿಲ್ಲ. ಅವರನ್ನು ಯಾರೂ ಕೇಳಿಯೂ ಇರಲಿಲ್ಲ. ಬೇರೆ ಸೀಮೆಯವರಾಗಿದ್ದರೆ ಶಾಲೆ ಉಳಿಯಲಿ ಎಂದು ಇರುವ ದಾರಿಯನ್ನೂ ಇಲ್ಲ ಎನ್ನುತ್ತಿದ್ದರೇನೋ. ನಮ್ಮವರು ಹೊರಗಿನವರ ಎದುರು ಎಂದೂ ಇಲ್ಲ ಎನ್ನುವವರಲ್ಲ. ಮೂರು ಮೈಲಿ ದೂರದ ಮನೆಯನ್ನು ಇಲ್ಲೇ ಎನ್ನುತ್ತಾರೆ, ಬಂದ ನೆಂಟ ದೂರ ಎಂದು ಹಿಂದಿರುಗಿ ಹೋಗಬಾರದಲ್ಲ. ಆ ಮರ್ಯಾದೆಯೇ ಈಗ ಕೊರಳಿಗೆ ಸುತ್ತಿಕೊಂಡಿತ್ತು.

ಅಕ್ಕ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಮಾವನ ಎದುರು ಅವಳು ದನಿ ಎತ್ತಿ ಮಾತಾಡಿದ್ದನ್ನು ನಾನು ಆವತ್ತಿನವರೆಗೂ ಕೇಳಿರಲಿಲ್ಲ.

"ನೀವು ದಾರಿ ಉಂಟು ಅಂದ್ರಿ. ಈಗ ಮಗೂನ ನೀವೇ ದಾಟ್ಸಿ."

ಮಾವಯ್ಯ ಮೊಮ್ಮಗಳ ಕೈಯನ್ನು ಹೆಗಲಿನಿಂದ ಬಿಡಿಸಿ ಎದ್ದು ತೋಟದ ಕಡೆಗೆ ಹೋದರು. ಊಟಕ್ಕೂ ಬರಲಿಲ್ಲ.

ತಿದ್ದುಪಡಿ ಮಾಡಬಹುದಿತ್ತು. ಮೊದಲು ಹೇಳಿದವರೇ ತಾನು ಹೇಳಿದ್ದು ಸರಿಯಲ್ಲ, ಮಳೆಗಾಲದಲ್ಲಿ ಇಲ್ಲಿ ದಾರಿ ಇರುವುದಿಲ್ಲ ಎಂದು ಬರೆದುಕೊಡಬೇಕಿತ್ತು. ನಾನು ಬಗೆಬಗೆಯಾಗಿ ಹೇಳಿದೆ, ಭಾವ ಹೇಳಿದರು. ಮಾವಯ್ಯ ಒಪ್ಪಲಿಲ್ಲ. "ನಮ್ಮ ಸಂಕ ಇಲ್ಲ ಅಂತ ನಾನು ಬರೆಯದಾ? ಆಚೆ ದಡದವ್ರಿಗೆ ಹೆಂಗೆ ಮುಖ ತೋರ್ಸದು? ಅವ್ರೂ ಮರ ಹೊತ್ತಿಲ್ವಾ?" ಎಂದರು. ಆ ಮನುಷ್ಯನ ಮೇಲೆ ನನಗೆ ಎಷ್ಟು ಸಿಟ್ಟಿತ್ತೋ ಅಷ್ಟೇ ಕನಿಕರವೂ ಇತ್ತು. ಅವರು ಸುಳ್ಳು ಹೇಳಿರಲಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದರು. ಪ್ರಶ್ನೆಯನ್ನು ಮಂಜೂರು ಮಾಡಿಸಿಕೊಂಡು ಬಂದವಳು ನಾನು. ಹಾಗೆಂದು ನಾನು ನನ್ನನ್ನು ಹಳಿದುಕೊಳ್ಳುವುದಿಲ್ಲ. ಮೂರನೆಯ ಉತ್ತರವನ್ನು ಮೇಜಿನ ಸುತ್ತ ಕೂತು ಹೊಡೆದುಹಾಕಿದವರು ಒಂದು ಮಳೆಗಾಲ ಅಲ್ಲಿ ಬಂದು ಇರಬೇಕಿತ್ತು. ಈಗಲೂ ನೆನೆದರೆ ನನಗೆ ಸಿಟ್ಟೇ ಬರುತ್ತದೆ.

ಜೂನಿನಲ್ಲಿ ಶಾಲೆ ತೆರೆಯಲಿಲ್ಲ. ಮೇಷ್ಟರಿಗೆ ವರ್ಗವಾಯಿತು. ಬೆಂಚುಗಳನ್ನು ಬೇಸಿಗೆಯಲ್ಲೇ ಹೊಳೆ ದಾಟಿಸಿ ಸಾಗಿಸಿದ್ದರು.

ಆ ವರ್ಷವೂ ಸಂಕ ಹಾಕಿದರು. ಮಾವಯ್ಯ ಎಂದಿಗಿಂತ ಗಟ್ಟಿ ಮರ ಕಡಿಸಿದರು, ಎರಡೂ ಬದಿಗೆ ಗಳ ಕಟ್ಟಿಸಿದರು. ಮೊದಲ ದಿನದಿಂದಲೇ ಮೊಮ್ಮಗಳನ್ನು ತಾವೇ ಹೊತ್ತು ದಾಟಿಸಿದರು. ಕಂಬಳಿಯೊಳಗೆ ಮಗು, ಕಂಕುಳಲ್ಲಿ ಚೀಲ. ಸಂಜೆ ಶಾಲೆ ಬಿಡುವ ಹೊತ್ತಿಗೆ ಮತ್ತೆ ಆಚೆ ದಡಕ್ಕೆ ಹೋಗಿ ಕಾದು ನಿಲ್ಲುತ್ತಿದ್ದರು. ಊರಿನ ಬೇರೆ ಮಕ್ಕಳು ಕೆಲವರು ಕಳಸದ ಹಾಸ್ಟೆಲಿಗೆ ಹೋದರು, ಕೆಲವರು ಮನೆಯಲ್ಲೇ ಉಳಿದರು. ಅಕ್ಕ ದಿನವೂ ಇವರು ಬರುವವರೆಗೂ ಬೇಲಿಯ ದಣಪೆಯ ಹತ್ತಿರ ನಿಂತಿರುತ್ತಿದ್ದಳಂತೆ. ಅವಳು ಆಗ ಎಷ್ಟು ಸೊರಗಿದ್ದಳು ಎಂದರೆ, ಆಟಿ ತಿಂಗಳ ಜಡಿಮಳೆಯಲ್ಲಿ ನೋಡಲು ಹೋದ ನನಗೆ ಒಂದು ಗಳಿಗೆ ಗುರುತೇ ಸಿಗಲಿಲ್ಲ.

ನಾನು ಹೋದ ದಿನ ಬೆಳಿಗ್ಗೆಯೇ ಅದು ಆಗಿಹೋಗಿತ್ತು. ಸಂಕದ ನಡುವೆ ಮಾವಯ್ಯನ ಕಾಲು ಪಾಚಿಯ ಮೇಲೆ ಜಾರಿತ್ತು. ಬಿದ್ದಿರಲಿಲ್ಲ. ಗಳ ಹಿಡಿದು ಮೊಣಕಾಲೂರಿ ಕೂತಿದ್ದರು. ಆದರೆ ಮಗುವಿನ ಚೀಲ ಕೈ ತಪ್ಪಿ ಕೆಳಗೆ ಹೋಯಿತು. ಅದು ನೀರಿನಲ್ಲಿ ಒಂದು ಸಲ ಮೇಲೆ ಬಂದು, ಮತ್ತೆ ಕಾಣಲಿಲ್ಲವಂತೆ. ಮಗು ಅದನ್ನು ನೋಡಿತ್ತು. ಅವಳು ಅಳಲಿಲ್ಲ, ಕಿರುಚಲಿಲ್ಲ. ಮನೆಗೆ ಬಂದು ಒಲೆಯ ಮುಂದೆ ಕೂತಳು. ನಾನು ಪಕ್ಕದಲ್ಲಿ ಕೂತು ಕೈ ಹಿಡಿದಾಗ, "ಚಿಕ್ಕಿ, ನಾನೂ ಹಂಗೇ ಹೋಗ್ತೀನಾ?" ಎಂದು ಕೇಳಿದಳು.

ಆಮೇಲೆ ಅವಳು ಸಂಕದ ಹತ್ತಿರವೂ ಬರಲಿಲ್ಲ. ಅಜ್ಜ ಎತ್ತಿಕೊಳ್ಳಲು ಬಂದರೆ ಜಗಲಿಯ ಕಂಬ ಹಿಡಿದುಕೊಳ್ಳುತ್ತಿದ್ದಳು. ಅಕ್ಕ ಎರಡು ದಿನ ನೋಡಿದಳು. ಮೂರನೆಯ ದಿನ ಮಗುವಿನ ಬಟ್ಟೆಗಳನ್ನು ಒಂದು ಚೀಲಕ್ಕೆ ತುಂಬಿ ನನ್ನ ಮುಂದೆ ತಂದಿಟ್ಟಳು.

"ಕರ್ಕೊಂಡು ಹೋಗು" ಎಂದಳು. "ಮಳೆ ಮುಗಿಯೋವರೆಗೆ."

ನನ್ನ ಗಂಡ ಒಳ್ಳೆಯವರು, ನಮಗೆ ಮಕ್ಕಳಿರಲಿಲ್ಲ, ಮನೆಯ ಹತ್ತಿರವೇ ಶಾಲೆ. ಎಲ್ಲ ಅನುಕೂಲವೇ. ಹೋಗುವಾಗ ಮಗುವಿಗೆ ಕಣ್ಣು ಕಟ್ಟಿ, ಭಾವ ಎತ್ತಿಕೊಂಡು ಹೊಳೆ ದಾಟಿಸಿದರು. ಅಕ್ಕ ಈಚೆ ದಡದಲ್ಲೇ ಉಳಿದಳು.

ಗೌರಿ ಹಬ್ಬ ಕಳೆದ ಮೇಲೆ ಒಂದು ದಿನ ಮಾವಯ್ಯ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಹೇಳಿಕಳಿಸಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕಂಕುಳಲ್ಲಿ ಕೊಡೆ. ನನ್ನನ್ನು ನೋಡದೆ ನೇರವಾಗಿ ಮುಖ್ಯಸ್ಥರ ಮುಂದೆ ಹೋಗಿ ನಿಂತರು.

"ಎಂತ ಬರೆದುಕೊಡ್ಬೇಕೋ ಹೇಳಿ. ಬರೀತೀನಿ."

ಮುಖ್ಯಸ್ಥರು ಕುರ್ಚಿ ಕೊಟ್ಟರು, ಕಾಫಿ ತರಿಸಿದರು. ಮಾವಯ್ಯ ಕಾಫಿ ಮುಟ್ಟಲಿಲ್ಲ. ಮಳೆಗಾಲದಲ್ಲಿ ನಮ್ಮೂರಿಗೆ ದಾರಿ ಇರುವುದಿಲ್ಲ ಎಂಬ ಒಂದು ಸಾಲನ್ನು ಬರೆಯಲು ಅವರಿಗೆ ಬಹಳ ಹೊತ್ತು ಬೇಕಾಯಿತು. ಬರೆದು, ಸಹಿ ಹಾಕಿ, ಪೆನ್ನನ್ನು ಮುಚ್ಚಿ ಮೇಜಿನ ಮೇಲಿಟ್ಟರು. "ಶಾಲೆ ಯಾವಾಗ ತೆರೀತಾರೆ?" ಎಂದು ಕೇಳಿದರು.

ಮುಖ್ಯಸ್ಥರು ನನ್ನ ಮುಖ ನೋಡಿದರು. ಮುಚ್ಚಿದ ಶಾಲೆಯನ್ನು ತೆರೆಯುವುದು ನಕ್ಷೆಯವರ ಕೈಯಲ್ಲಿ ಇಲ್ಲ ಎಂದು ಅವರೇ ಮೆಲ್ಲಗೆ ಹೇಳಿದರು. ಮಾವಯ್ಯ ಕೊಡೆ ತೆಗೆದುಕೊಂಡು ಎದ್ದರು. ಮೊಮ್ಮಗಳನ್ನು ನೋಡಿಕೊಂಡು ಹೋಗಿ ಎಂದೆ. ಬಸ್ಸಿಗೆ ಹೊತ್ತಾಯಿತು ಎಂದರು. ಹೊತ್ತಾಗಿರಲಿಲ್ಲ.

ಆ ಕಾಲಂ ಕೆಲಸವನ್ನೇ ಮಾಡಲಿಲ್ಲ ಎಂದರೆ ತಪ್ಪಾಗುತ್ತದೆ. ತಿದ್ದಿದ ನಕ್ಷೆ ಮೇಲೆ ಹೋಯಿತು. ಬೇಸಿಗೆ ಮಾತ್ರ ಎಂಬ ಗುರುತಿದ್ದ ದಾರಿಗಳನ್ನೆಲ್ಲ ಒಟ್ಟು ಮಾಡಿ ನೋಡಿದವರು ಯಾರೋ ಇದ್ದರು. ಕೆಲವು ವರ್ಷಗಳ ಮೇಲೆ ಅಂಥ ಹೊಳೆಗಳಿಗೆ ಸಿಮೆಂಟಿನ ಕಾಲುಸೇತುವೆಗಳು ಬಂದವು. ಅಕ್ಕನ ಊರಿನ ಹೊಳೆಗೂ ಬಂತು. ಮೂರನೆಯ ಉತ್ತರವನ್ನೂ ಆಮೇಲೆ ಸೇರಿಸಿದರು ಎಂದು ಕೇಳಿದೆ. ಆ ಹೊತ್ತಿಗೆ ನಾನು ಆ ಕೆಲಸ ಬಿಟ್ಟಿದ್ದೆ.

ಮಳೆ ಮುಗಿಯುವವರೆಗೆ ಎಂದು ಬಂದ ಮಗು ನನ್ನ ಮನೆಯಲ್ಲೇ ಬೆಳೆದಳು. ನಡು ವರ್ಷದಲ್ಲಿ ಶಾಲೆ ಬದಲಿಸುವುದು ಬೇಡ ಎಂದು ಒಂದು ವರ್ಷ, ಮತ್ತೆ ಮಳೆ ಬಂತೆಂದು ಇನ್ನೊಂದು ವರ್ಷ. ರಜೆಯಲ್ಲಿ ಊರಿಗೆ ಹೋಗುತ್ತಿದ್ದಳು, ರಜೆ ಮುಗಿಯುವ ಮೊದಲೇ ವಾಪಸು ಬರುತ್ತೇನೆ ಎನ್ನುತ್ತಿದ್ದಳು. ಅವಳಿಂದ ನನ್ನ ಮನೆ ತುಂಬಿತು. ಅದನ್ನು ನೆನೆದು ಸಂತೋಷಪಡಲು ಹೊರಟಾಗಲೆಲ್ಲ ಹೊಳೆಯ ದಡದಲ್ಲಿ ಉಳಿದ ಅಕ್ಕ ಕಣ್ಣ ಮುಂದೆ ಬರುತ್ತಾಳೆ.

ಹೈಸ್ಕೂಲಿನಲ್ಲಿದ್ದಾಗ ಒಂದು ಆಗಸ್ಟಿನಲ್ಲಿ ಅವಳನ್ನು ಕರೆದುಕೊಂಡು ಹೋದೆ. ಸಿಮೆಂಟಿನ ಸೇತುವೆಯ ಮೇಲೆ ಹೊಳೆಯ ಕಡೆ ತಿರುಗಿಯೂ ನೋಡದೆ ಅವಳು ಸರಸರನೆ ದಾಟಿದಳು. ಅಕ್ಕ ಮಗಳಿಗೆಂದು ಚಾಪೆ ಹಾಸಿ, ಹೊಸ ಲೋಟದಲ್ಲಿ ಕಾಫಿ ತಂದುಕೊಟ್ಟಳು. ಮಗಳು ಥ್ಯಾಂಕ್ಸ್ ಅಮ್ಮ ಎಂದಳು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು.

ನಾನು ಅಡುಗೆಮನೆಗೆ ಹೋದೆ. ಅಕ್ಕ ಎಳೆ ಬಿದಿರಿನ ಕಳಲೆ ಹೆಚ್ಚಿ ಪಲ್ಯಕ್ಕೆ ಒಗ್ಗರಣೆಗೆ ಇಟ್ಟಿದ್ದಳು. ಎಣ್ಣೆ ಕಾಯುತ್ತಿತ್ತು. ಮೆಣಸಿನಕಾಯಿ ಕೈಯಲ್ಲಿ ಹಿಡಿದುಕೊಂಡು ಹೊರಗಿನವರಿಗೆ ಕೇಳಿಸದ ಹಾಗೆ ನನ್ನನ್ನು ಕೇಳಿದಳು:

"ಇವಳಿಗೆ ಇದು ಸೇರ್ತದನೇ? ಖಾರ ಎಷ್ಟು ಹಾಕ್ಲಿ?"

ಕಮ್ಮಿ ಹಾಕು ಎಂದೆ. ಅಕ್ಕ ತಲೆಯಾಡಿಸಿ, ಕೈಯಲ್ಲಿದ್ದುದರಲ್ಲಿ ಅರ್ಧ ತೆಗೆದು ಪಕ್ಕಕ್ಕಿಟ್ಟಳು.